ಬೆಂಗಳೂರು ನಾಗರತ್ನಮ್ಮನವರ ಎರಡು ಜೀರ್ಣೋದ್ಧಾರಗಳು

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವಾಗ ಸಂಘಸಂಸ್ಥೆಗಳು, ಪತ್ರಿಕೆಗಳು ಹಾಗೂ ಕನ್ನಡ ಗ್ರಂಥಕರ್ತರನ್ನು ಪರಿಗಣಿಸುವುದು ವಾಡಿಕೆ. ಕನ್ನಡನಾಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿ, ತೆಲುಗು ಕಾವ್ಯವೊಂದನ್ನು ಸಂಪಾದಿಸಿ, ಕಾವೇರಿ ತೀರದ ತಿರುವೈಯಾರಿನಲ್ಲಿ ಬಾಳಿನ ಕೊನೆಯ ಭಾಗವನ್ನು ಕಳೆದ ಬೆಂಗಳೂರು ನಾಗರತ್ನಮ್ಮನವರು (1878–1952) ಈ ಚೌಕಟ್ಟಿನೊಳಗೆ ಸುಲಭವಾಗಿ ಅಡಕವಾಗುವುದಿಲ್ಲ. ಸಂಗೀತಜ್ಞರು ಅವರನ್ನು ತ್ಯಾಗರಾಜ ಸಮಾಧಿಮಂದಿರದ ನಿರ್ಮಾತೃವೆಂದೂ, ಸಾಹಿತ್ಯ ಚರಿತ್ರಕಾರರು ‘ರಾಧಿಕಾಸಾಂತ್ವನ’ದ ಸಂಪಾದಕಿಯೆಂದೂ ಬೇರೆಬೇರೆಯಾಗಿ ಸ್ಮರಿಸುತ್ತಾರೆ. ಈ ಎರಡೂ ಒಂದೇ ಬಗೆಯ ಕಾರ್ಯಗಳೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಂಜನಗೂಡಿನಲ್ಲಿ ದೇವದಾಸಿ ಮನೆತನದ ಪುಟ್ಟಲಕ್ಷ್ಮಮ್ಮನ ಮಗಳಾಗಿ ಜನಿಸಿದ ನಾಗರತ್ನಮ್ಮನವರಿಗೆ ತಂದೆಯ ಆಶ್ರಯ ಉಳಿಯಲಿಲ್ಲ. ವಕೀಲನಾಗಿದ್ದ ಆತ ತಾಯಿಮಗಳಿಬ್ಬರನ್ನೂ ತೊರೆದನು. ಆದರೂ ತಾಯಿ ಮಗಳ ವಿದ್ಯೆಯ ವಿಷಯದಲ್ಲಿ ಧೃತಿಗೆಡಲಿಲ್ಲ. ಮೈಸೂರಿನಲ್ಲಿ ಸಂಸ್ಕೃತ ವ್ಯಾಸಂಗವೂ, ಬೆಂಗಳೂರಿನಲ್ಲಿ ಮುನುಸ್ವಾಮಪ್ಪನವರಲ್ಲಿ ಸಂಗೀತ ಶಿಕ್ಷಣವೂ ನಡೆದವು. ಈ ಗುರುಗಳು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರೆಂಬುದು ಮುಂದಿನ ಸಂಗತಿಗಳನ್ನು ತಿಳಿಯಲು ಗಮನಾರ್ಹ. ತರುವಾಯ ಮದರಾಸಿಗೆ ತೆರಳಿದ ಅವರು ಗಾಯಕಿಯಾಗಿ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದರು.

ಮೊದಲನೆಯ ಜೀರ್ಣೋದ್ಧಾರ ಗ್ರಂಥಕ್ಕೆ ಸಂಬಂಧಿಸಿದ್ದು. ತಂಜಾವೂರಿನ ಪ್ರತಾಪಸಿಂಹನ (1739–1763) ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿ ‘ರಾಧಿಕಾಸಾಂತ್ವನ’ವೆಂಬ ಶೃಂಗಾರ ಕಾವ್ಯವನ್ನು ರಚಿಸಿದಳು. ಪೀಠಿಕೆಯಲ್ಲಿ ಆಕೆ ತನ್ನ ವಂಶವನ್ನು ಅಜ್ಜಿ ಮೊದಲಾದ ಸ್ತ್ರೀಯರ ಮೂಲಕ ಹೇಳಿಕೊಳ್ಳುತ್ತಾಳೆ. 1887ರಲ್ಲಿ ಪೈಡಿಪಾಟಿ ವೆಂಕಟನರಸು ಅವರು ಪ್ರಕಟಿಸಿದ ಆವೃತ್ತಿಯಲ್ಲಿ ಈ ಪೀಠಿಕೆಯೇ ಇರಲಿಲ್ಲ. ಕೆಲವು ಪದ್ಯಗಳೂ ಬಿಟ್ಟುಹೋಗಿದ್ದವು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ದೊರಕಿಸಿಕೊಂಡು, ಅಚ್ಚಾದ ಪಾಠದೊಡನೆ ಹೋಲಿಸಿ, 1910ರಲ್ಲಿ ವಾವಿಳ್ಳ ಪ್ರಕಾಶನದ ಮೂಲಕ ಪೂರ್ಣಪಾಠವನ್ನು ಹೊರತಂದರು. ಪದ್ಯಗಳು ಲುಪ್ತವಾದಾಗ ಕಾವ್ಯಕ್ಕೆ ಊನ ಬರುತ್ತದೆ. ಪೀಠಿಕೆ ಲುಪ್ತವಾದಾಗ ಕವಯಿತ್ರಿಯೇ ಇಲ್ಲವಾಗುತ್ತಾಳೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ಅವರ ಕಾರ್ಯದ ಮಹತ್ತ್ವ ಇಲ್ಲಿದೆ.

ಇದಕ್ಕೆ ಬಂದ ವಿರೋಧ ಸಾಮಾನ್ಯರದಲ್ಲ. ವಿಧವಾ ವಿವಾಹಕ್ಕಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರೇ ಈ ಕಾವ್ಯವನ್ನು ಖಂಡಿಸಿದರು. ವೇಶ್ಯೆಯ ಕೃತಿಯನ್ನು ವೇಶ್ಯೆಯೇ ಸಂಪಾದಿಸಿದಳೆಂಬ ಮೂದಲಿಕೆಯೂ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ನಾಚಿಕೆಯೂ ಮರ್ಯಾದೆಯೂ ಹೆಂಗಸರಿಗೆ ಮಾತ್ರ ಸಲ್ಲತಕ್ಕವೇ ಎಂಬುದು ನಾಗರತ್ನಮ್ಮನವರ ಪ್ರಶ್ನೆಯ ತಿರುಳು. ‘ವೈಜಯಂತೀವಿಲಾಸ’ದಂತಹ ಪುರುಷಕೃತ ಕಾವ್ಯಗಳಿಗೆ ದೊರೆತ ಮನ್ನಣೆಯನ್ನು ಅವರು ನಿದರ್ಶನವಾಗಿ ಮುಂದಿಟ್ಟರು. ಆದರೂ 1911ರಲ್ಲಿ ಬ್ರಿಟಿಷ್ ಸರ್ಕಾರ ಅಶ್ಲೀಲತೆಯ ಆರೋಪದ ಮೇಲೆ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾದದ್ದು 1947ರಲ್ಲಿ. ಕಾವ್ಯ ಮರುಮುದ್ರಣಗೊಂಡದ್ದು 1952ರಲ್ಲಿ.

ಈ ಪೂರ್ವಾಗ್ರಹವನ್ನು ಪುರಾತನವೆಂದು ಭಾವಿಸುವುದು ತಪ್ಪಾದೀತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಊಳಿಗದವಳಾಗಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು. ಅನಂತರದ ಶತಮಾನದಲ್ಲಿ ಮುದ್ದುಪಳನಿ ಬರೆದದ್ದೂ ಆಸ್ಥಾನದಲ್ಲಿಯೇ. ಇಬ್ಬರ ವಸ್ತುಗಳು ತೀರ ಭಿನ್ನವಾದರೂ ಕವಿಪದವಿಗೆ ಅವರ ಸಾಮಾಜಿಕ ಸ್ಥಾನ ಅಡ್ಡಿಯಾಗಲಿಲ್ಲ. ಬಳಿಕ ಮುದ್ದುಪಳನಿಗೆ ಅಂಟಿದ ಕಳಂಕ ಮುಖ್ಯವಾಗಿ ಹತ್ತೊಂಬತ್ತನೆಯ ಶತಮಾನದ ನೈತಿಕ ದೃಷ್ಟಿಯ ಫಲ.

ಎರಡನೆಯ ಜೀರ್ಣೋದ್ಧಾರದ ಕ್ಷೇತ್ರ ತಿರುವೈಯಾರು. 1847ರಲ್ಲಿ ನಿಧನರಾದ ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆಯೆಂಬ ಸುದ್ದಿಯನ್ನು ಮೈಸೂರಿನ ಬಿಡಾರಂ ಕೃಷ್ಣಪ್ಪನವರು ತಿಳಿಸಿದಾಗ, ನಾಗರತ್ನಮ್ಮನವರು 1921ರಲ್ಲಿ ಅಲ್ಲಿ ಮಂದಿರ ನಿರ್ಮಾಣಕ್ಕೆ ತೊಡಗಿದರು. ಅದಕ್ಕೆ ವಿನಿಯೋಗವಾದದ್ದು ಸ್ವಂತ ಸಂಪಾದನೆ ಮತ್ತು ಒಡವೆಗಳು. ಮಂದಿರ ಸಿದ್ಧವಾದರೂ ಅಲ್ಲಿ ನಡೆಯುತ್ತಿದ್ದ ವಾರ್ಷಿಕ ಆರಾಧನೆಯಲ್ಲಿ ಹಾಡಲು ಅವರಿಗೇ ಅವಕಾಶವಿರಲಿಲ್ಲ. ದೊಡ್ಡ ಕಕ್ಷಿ, ಚಿಕ್ಕ ಕಕ್ಷಿ ಎಂದು ಕಲಹಿಸುತ್ತಿದ್ದ ವಿದ್ವಾಂಸರ ಬಣಗಳೆರಡೂ ಸ್ತ್ರೀಯರನ್ನು ದೂರವಿಡುವುದರಲ್ಲಿ ಮಾತ್ರ ಒಮ್ಮತ ಹೊಂದಿದ್ದವು. ನಾಗರತ್ನಮ್ಮನವರು ಕಲಾವಿದೆಯರನ್ನು ಕೂಡಿಸಿ ಮಂದಿರದ ಹಿಂಭಾಗದಲ್ಲಿ ಪ್ರತ್ಯೇಕ ಆರಾಧನೆಯನ್ನು ಆರಂಭಿಸಿದರು. 1927ರಲ್ಲಿ ಮೊದಲಾದ ಈ ಮೂರನೆಯ ಕಕ್ಷಿ ವರ್ಷೇವರ್ಷೇ ಬೆಳೆಯಿತು. 1941ರ ವೇಳೆಗೆ ಮೂರೂ ಕಕ್ಷಿಗಳು ಒಂದೇ ಸಭೆಯಲ್ಲಿ ಸೇರಿದವು. ಹಿಂಭಾಗದಲ್ಲಿದ್ದ ಸ್ತ್ರೀಯರು ಮುಂಭಾಗಕ್ಕೆ ಬಂದರು.

ಅವರ ನಿಲುವುಗಳೆಲ್ಲವೂ ಇಂದಿನ ಸುಧಾರಣಾ ದೃಷ್ಟಿಗೆ ಹೊಂದುತ್ತವೆಯೆಂದು ಹೇಳಲಾಗದು. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ದೇವದಾಸಿ ಪದ್ಧತಿಯ ನಿಷೇಧಕ್ಕಾಗಿ ಮದರಾಸು ಶಾಸನಸಭೆಯಲ್ಲಿ ಕಾರ್ಯಪ್ರವೃತ್ತರಾದಾಗ, ಅದನ್ನು ವಿರೋಧಿಸಿದ ದೇವದಾಸಿಯರೊಡನೆ ನಾಗರತ್ನಮ್ಮನವರಿದ್ದರು. ಬಾಲಿಕೆಯರನ್ನು ದೇವಾಲಯಗಳಿಗೆ ಅರ್ಪಿಸುವ ರೂಢಿಯ ಕ್ರೌರ್ಯವನ್ನು ಅಲ್ಲಗಳೆಯಲಾಗದು. ಆದರೆ ವಿದ್ಯೆ, ಆಸ್ತಿ, ಕಲೆ ಇವುಗಳ ಮೇಲೆ ಆ ಸಮುದಾಯದ ಸ್ತ್ರೀಯರಿಗಿದ್ದ ಹಕ್ಕನ್ನೂ ಸುಧಾರಣೆಯ ಭರದಲ್ಲಿ ಕಡೆಗಣಿಸಬಾರದೆಂಬ ಅವರ ಆತಂಕ ನಿರಾಧಾರವಾಗಿರಲಿಲ್ಲ. ಇಬ್ಬರೂ ಸ್ತ್ರೀಯರ ಹಿತವನ್ನೇ ಬಯಸಿದವರು. ಒಬ್ಬರು ಪದ್ಧತಿಯನ್ನು ನೋಡಿದರು, ಇನ್ನೊಬ್ಬರು ಅದರೊಳಗೆ ಬಾಳುತ್ತಿದ್ದವರನ್ನು ನೋಡಿದರು. ಅರ್ಪಣೆಯನ್ನು ನಿಷೇಧಿಸುವ ಶಾಸನ 1947ರಲ್ಲಿ ಅಂಗೀಕಾರವಾಯಿತು.

ಇದಾದ ಎರಡು ವರ್ಷಗಳಿಗೆ, 1949ರಲ್ಲಿ, ನಾಗರತ್ನಮ್ಮನವರು ಉಯಿಲು ಬರೆಸಿದರು. ದೇವದಾಸಿಯರೂ ಸೇರಿದಂತೆ ಯಾವ ಸ್ತ್ರೀಯೂ ಸಮಾಧಿಯ ಸನ್ನಿಧಿಯಲ್ಲಿ ಸಂಗೀತಸೇವೆ ಸಲ್ಲಿಸುವುದಕ್ಕೆ ಅಡ್ಡಿಯಿರಕೂಡದೆಂಬ ಷರತ್ತನ್ನು ಅದರಲ್ಲಿ ಸೇರಿಸಿದರು. ಕಾವ್ಯದ ವಿಷಯದಲ್ಲಿ ಹಸ್ತಪ್ರತಿಯನ್ನೂ, ಮಂದಿರದ ವಿಷಯದಲ್ಲಿ ಉಯಿಲನ್ನೂ ನೆಚ್ಚಿದ ಅವರು, ತಮಗೆ ದೊರೆತ ಹಕ್ಕು ತಮ್ಮೊಡನೆ ಮುಗಿಯದಂತೆ ಬರವಣಿಗೆಯಲ್ಲಿ ನೆಲೆಗೊಳಿಸಿದರು. ಅವರ ಸಮಾಧಿಯೂ ತಿರುವೈಯಾರಿನಲ್ಲಿಯೇ ಇದೆ. ಅಲ್ಲಿರುವ ಅವರ ಪ್ರತಿಮೆ ತ್ಯಾಗರಾಜರ ಮಂದಿರಕ್ಕೆ ಅಭಿಮುಖವಾಗಿ ಕುಳಿತಿದೆ. ಹೊರನಾಡಿನಲ್ಲಿ ಕನ್ನಡಿಗರು ಮಾಡಿದ ಕಾರ್ಯವನ್ನು ಭಾಷೆಯ ಗಡಿಯೊಳಗೆ ಮಾತ್ರ ಹುಡುಕಿದರೆ ಇಂತಹವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.