ಎರಡು ಕಿಲೋಬೈಟ್‌ಗಳ ನಡುವಿನ ಇಪ್ಪತ್ತನಾಲ್ಕು

ಹೋದ ತಿಂಗಳು ಸಂಶೋಧನೆಯ ಪ್ರಗತಿ ವರದಿಯನ್ನು ಒಂದು ಜಾಲತಾಣಕ್ಕೆ ಏರಿಸಬೇಕಿತ್ತು. ಫೈಲ್ 10 ಎಂಬಿ ದಾಟಬಾರದೆಂದು ನಿಯಮ. ನನ್ನ ಕಂಪ್ಯೂಟರ್ 9.8 ಎಂಬಿ ಎಂದು ತೋರಿಸುತ್ತಿತ್ತು. ಆದರೂ ಗಾತ್ರ ಹೆಚ್ಚಾಯಿತೆಂದು ಮೂರು ಸಲ ವಾಪಸು ಬಂತು. ನನ್ನ ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ, ಆ ಜಾಲತಾಣವೂ ಹೇಳಿರಲಿಲ್ಲ. ಎರಡೂ ಹೇಳಿದ್ದು ಎಂಬಿಯನ್ನೇ, ಆದರೆ ಅಳತೆ ಬೇರೆ. ಹಿಂದೆ ನಮ್ಮ ಸಂತೆಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಸೇರುಗಳಿದ್ದವು. ಹೆಸರು ಬೇರೆ ಇದ್ದುದರಿಂದ ಯಾವ ಸೇರು ಎಂದು ಕೇಳುವುದಕ್ಕಾದರೂ ಆಗುತ್ತಿತ್ತು. ಇಲ್ಲಿ ಎರಡು ಅಳತೆಗೆ ಒಂದೇ ಹೆಸರು. ಅದು ಹೀಗಾದದ್ದು ಹೇಗೆ ಎಂದು ಹುಡುಕುತ್ತಾ ಹೋದೆ.

‘ಬಿಟ್’ ಎಂಬ ಪದ ಎಲ್ಲರ ಗಮನಕ್ಕೆ ಬಂದದ್ದು 1948ರಲ್ಲಿ, ಕ್ಲಾಡ್ ಶಾನನ್ ಸಂವಹನದ ಗಣಿತ ಸಿದ್ಧಾಂತದ ಬಗ್ಗೆ ಬರೆದ ಪ್ರಬಂಧದಿಂದ. ಪದವನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಅವರು ಅಲ್ಲೇ ಹೇಳಿದ್ದಾರೆ. ಸೊನ್ನೆ ಅಥವಾ ಒಂದು, ಇಷ್ಟೇ ಒಂದು ಬಿಟ್. 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಜ್ ‘ಸ್ಟ್ರೆಚ್’ ಎಂಬ ಕಂಪ್ಯೂಟರ್ ಕಟ್ಟುವ ತಂಡದಲ್ಲಿದ್ದಾಗ, ಬಿಟ್‌ಗಳ ಒಂದು ಗುಂಪಿಗೆ ‘ಬೈಟ್’ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಕಚ್ಚಿದ ತುಂಡು, ತುತ್ತು ಎಂದು ಅರ್ಥ ಬರುವ ಪದವೇ ಅದು. ಬರೆಯುವಾಗ ಕೊನೆಯ ಅಕ್ಷರ ಬಿಟ್ಟುಹೋದರೆ ‘ಬಿಟ್’ ಆಗಿಬಿಡುತ್ತದಲ್ಲ ಎಂದು, ನಡುವಿನ ‘ಐ’ ತೆಗೆದು ‘ವೈ’ ಹಾಕಿದರು. ಆಗ ಬೈಟಿಗೆ ಇಂತಿಷ್ಟೇ ಬಿಟ್ ಎಂದಿರಲಿಲ್ಲ. 1964ರಲ್ಲಿ ಬಂದ ಐಬಿಎಂನ ಸಿಸ್ಟಮ್/360 ಎಂಟು ಬಿಟ್‌ಗಳ ಬೈಟನ್ನು ಬಳಸಿತು, ಕ್ರಮೇಣ ಅದೇ ರೂಢಿಯಾಯಿತು.

ಒಂದು ಅಕ್ಷರದ ಕಾಗುಣಿತಕ್ಕೆ ಇಷ್ಟು ಎಚ್ಚರ ವಹಿಸಿದ ಜನ ‘ಕಿಲೋ’ ವಿಷಯದಲ್ಲಿ ಮಾತ್ರ ಉದಾಸೀನರಾದರು.

ಕಿಲೋ ಗ್ರೀಕ್ ಮೂಲದ್ದು, ಅರ್ಥ ಸಾವಿರ. 1795ರಲ್ಲಿ ಫ್ರಾನ್ಸ್ ಮೆಟ್ರಿಕ್ ಪದ್ಧತಿಯನ್ನು ಕಾನೂನು ಮಾಡಿದಾಗಿನಿಂದ ಅದರ ಬೆಲೆ ಬದಲಾಗಿಲ್ಲ. ಆದರೆ ಕಂಪ್ಯೂಟರಿನ ಮೆಮೊರಿ ಹತ್ತರ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಅದರ ಪ್ರತಿ ಕೋಶಕ್ಕೂ ಸೊನ್ನೆ-ಒಂದುಗಳಲ್ಲಿ ಬರೆದ ಒಂದು ವಿಳಾಸ ಬೇಕು. ವಿಳಾಸಕ್ಕೆ ಇನ್ನೊಂದು ಅಂಕಿ ಸೇರಿಸಿದರೆ ಕೋಶಗಳ ಸಂಖ್ಯೆ ದುಪ್ಪಟ್ಟಾಗುತ್ತದೆ. ಹತ್ತು ಅಂಕಿಗಳ ವಿಳಾಸ ಇದ್ದರೆ 1024 ಕೋಶ. ಸಾವಿರಕ್ಕೆ ಎಷ್ಟು ಹತ್ತಿರ! ಎಂಜಿನಿಯರುಗಳು ಅದನ್ನೇ ‘ಕೆ’ ಎಂದು ಕರೆದುಕೊಂಡರು. ವ್ಯತ್ಯಾಸ ಶೇ. 2.4 ಮಾತ್ರ. ಹೇಳುವವರಿಗೂ ಕೇಳುವವರಿಗೂ ಅದು ಗೊತ್ತಿತ್ತು.

ಯಾರೂ ಎಚ್ಚರಿಸಲಿಲ್ಲವೆಂದಲ್ಲ. 1968ರಲ್ಲೇ ಅಮೆರಿಕದ ಎಸಿಎಂ ಸಂಘದ ಪತ್ರಿಕೆಯ ಓದುಗರ ಪತ್ರಗಳಲ್ಲಿ ಈ ಚರ್ಚೆ ನಡೆದಿತ್ತು. ಡೊನಾಲ್ಡ್ ಮಾರಿಸನ್ ಎಂಬವರು 1024ಕ್ಕೆ ಗ್ರೀಕಿನ ‘ಕಪ್ಪಾ’ ಅಕ್ಷರ ಬಳಸೋಣ ಎಂದರು. ಉತ್ತರವಾಗಿ ಬೇರೆಯವರು ಬೇರೆ ಗುರುತು ಸೂಚಿಸಿದರು. ಯಾವುದೂ ಬಳಕೆಗೆ ಬರಲಿಲ್ಲ.

ಅತ್ತ ಡಿಸ್ಕ್ ತಯಾರಕರ ದಾರಿಯೇ ಬೇರೆ. ತಿರುಗುವ ತಟ್ಟೆಯ ಮೇಲೆ ಎಷ್ಟು ಸುತ್ತು ಕೂರುತ್ತದೋ ಅಷ್ಟು. ಅದು 1024ರ ಹಂಗಿನಲ್ಲಿಲ್ಲ. 1956ರ ಐಬಿಎಂ ರಾಮಾಕ್ ಯಂತ್ರದ ಐವತ್ತು ತಟ್ಟೆಗಳಲ್ಲಿ 50 ಲಕ್ಷ ಅಕ್ಷರ ಹಿಡಿಯುತ್ತಿತ್ತು, ಸಾದಾ ಹತ್ತರ ಲೆಕ್ಕದಲ್ಲಿ. ದೂರಸಂಪರ್ಕದವರೂ ಹಾಗೆಯೇ: 56 ಕೆ ಮೋಡೆಮ್ ಅಂದರೆ ಸೆಕೆಂಡಿಗೆ 56,000 ಬಿಟ್. (ಇಂಟರ್‌ನೆಟ್ ವೇಗವನ್ನು ಇವತ್ತಿಗೂ ಬಿಟ್‌ನಲ್ಲೇ ಹೇಳುವುದು. 100 ಎಂಬಿಪಿಎಸ್ ಅನ್ನು ಎಂಟರಿಂದ ಭಾಗಿಸಿ. ಸೆಕೆಂಡಿಗೆ 12.5 ಎಂಬಿ, ಅದೂ ಅದೃಷ್ಟ ಚೆನ್ನಾಗಿದ್ದರೆ.)

ಎರಡು ಪದ್ಧತಿಗಳು ಕೂಡಿ ಹುಟ್ಟಿದ ಒಂದು ವಿಚಿತ್ರ ಶಿಶು ನಮ್ಮಲ್ಲಿ ಅನೇಕರ ಶಾಲೆಯ ಬ್ಯಾಗಿನಲ್ಲೂ ಇತ್ತು, 1.44 ಎಂಬಿ ಫ್ಲಾಪಿ. ಎರಡು ಬದಿ, ಬದಿಗೆ 80 ಸುತ್ತು, ಸುತ್ತಿಗೆ 18 ಭಾಗ, ಭಾಗಕ್ಕೆ 512 ಬೈಟ್. ಗುಣಿಸಿದರೆ 14,74,560. ಹತ್ತರ ಲೆಕ್ಕದಲ್ಲಿ ಇದು 1.47 ಎಂಬಿ, ಎರಡರ ಲೆಕ್ಕದಲ್ಲಿ 1.41. ಹಾಗಾದರೆ 1.44 ಎಲ್ಲಿಂದ ಬಂತು? ಮೊದಲು 1024ರಿಂದ ಭಾಗಿಸಿ 1440 ಪಡೆದರು, ಆಮೇಲೆ ಅದನ್ನು 1000ದಿಂದ ಭಾಗಿಸಿದರು! ಜಗತ್ತಿನಲ್ಲೆಲ್ಲ ಮಾರಾಟವಾದ ಒಂದು ವಸ್ತುವಿನ ಮೇಲೆ ಎರಡೂ ಪದ್ಧತಿಗೆ ಹೊಂದದ ಅಂಕಿ ವರ್ಷಗಟ್ಟಲೆ ಅಚ್ಚಾಯಿತು. ಯಾರೂ ಕೇಳಲಿಲ್ಲ.

ಕೇಳುವ ದಿನ ಬಂದದ್ದು ಅಂತರ ಹಿಗ್ಗಿದ ಮೇಲೆ. ಮೇಲಿನ ಅಳತೆಗೆ ಏರಿದಂತೆಲ್ಲ ಆ 2.4 ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಮೆಗಾದಲ್ಲಿ ಸುಮಾರು ಶೇ. 4.9, ಗಿಗಾದಲ್ಲಿ 7.4, ಟೆರಾದಲ್ಲಿ ಹೆಚ್ಚುಕಡಿಮೆ 10. ಒಂದು ಟಿಬಿಯ ಡಿಸ್ಕ್ ಕೊಂಡವರಿಗೆ ವಿಂಡೋಸ್ 931 ಜಿಬಿ ತೋರಿಸುವುದು ಇದರಿಂದ. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ರಾಜಿಯಾಗಿ, ಕೊಂಡವರಿಗೆ ಉಚಿತ ಬ್ಯಾಕಪ್ ತಂತ್ರಾಂಶ ಕೊಟ್ಟಿತು. ಡಿಸ್ಕಿನವರು ಕಿಲೋ, ಗಿಗಾಗಳನ್ನು ಅವುಗಳ ಸರಿಯಾದ ಅರ್ಥದಲ್ಲೇ ಬಳಸಿದ್ದರು. ಆ ಅರ್ಥ ಅವರ ಡಬ್ಬಿಯ ಮೇಲಿನ ಅಂಕಿಯನ್ನು ದೊಡ್ಡದಾಗಿಸುತ್ತಿತ್ತು ಎನ್ನುವುದೂ ಅಷ್ಟೇ ನಿಜ. ನನಗೆ ಹೆಚ್ಚು ಸಿಟ್ಟು ಬರುವುದು ಇವತ್ತಿಗೂ 1024ರಿಂದ ಭಾಗಿಸಿ ಪಕ್ಕದಲ್ಲಿ ‘ಜಿಬಿ’ ಎಂದು ಬರೆಯುವ ತಂತ್ರಾಂಶದ ಮೇಲೆ. ಆಪಲ್ 2009ರಲ್ಲಿ ತನ್ನ ಮ್ಯಾಕ್‌ಗಳನ್ನು ಹತ್ತರ ಲೆಕ್ಕಕ್ಕೆ ತಂದಿತು. ಹೀಗಾಗಿ ಒಂದೇ ಪೆನ್‌ಡ್ರೈವ್ ಎರಡು ಕಂಪ್ಯೂಟರಿನಲ್ಲಿ ಎರಡು ಗಾತ್ರ ತೋರಿಸುತ್ತದೆ.

ಪರಿಹಾರ ಆಗಲೇ ಸಿದ್ಧವಿತ್ತು. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರ ಡಿಸೆಂಬರಿನಲ್ಲಿ 1024ರ ಲೆಕ್ಕಕ್ಕೆ ಹೊಸ ಹೆಸರುಗಳನ್ನು ಒಪ್ಪಿತು: ಕಿಬಿ, ಮೆಬಿ, ಗಿಬಿ, ಟೆಬಿ. 1024 ಬೈಟ್ ಅಂದರೆ ಕಿಬಿಬೈಟ್. ತಕರಾರಿಗೆ ಎಡೆಯಿಲ್ಲದ ವ್ಯವಸ್ಥೆ. ಆದರೆ ಅಂಗಡಿಗೆ ಹೋಗಿ ಎಂಟು ಗಿಬಿಬೈಟ್ ರ‍್ಯಾಮ್ ಕೊಡಿ ಎಂದವರನ್ನು ನಾನು ಕಂಡಿಲ್ಲ. ಕನ್ನಡದವರಿಗೆ ಇದು ಹೊಸತಲ್ಲ. ‘ಗಣಕಯಂತ್ರ’ ಸರ್ಕಾರಿ ಸುತ್ತೋಲೆಯಲ್ಲಿದೆ, ಬಾಯಲ್ಲಿರುವುದು ‘ಕಂಪ್ಯೂಟರ್’. ಸಮಿತಿ ಪದವನ್ನು ಟಂಕಿಸಬಹುದು, ಚಲಾವಣೆ ಅದರ ಕೈಯಲ್ಲಿಲ್ಲ.

ಕನ್ನಡದ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. ಇಂದು ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು, ಒತ್ತಕ್ಷರ ಬರೆಯಲು ಬಳಸುವ ಹಲಂತಕ್ಕೂ ಮೂರು. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಏಳು ಸಂಕೇತ, 21 ಬೈಟ್. 1000 ಬೈಟಿನ ಕಿಲೋಬೈಟಿನಲ್ಲಿ 333 ಕನ್ನಡ ಸಂಕೇತ ಹಿಡಿದು ಒಂದು ಬೈಟ್ ಉಳಿಯುತ್ತದೆ. 1024ರದ್ದರಲ್ಲಿ 341 ಹಿಡಿದು, ಅಲ್ಲೂ ಒಂದು ಬೈಟ್ ಉಳಿಯುತ್ತದೆ. ವ್ಯತ್ಯಾಸ ಎಂಟು ಸಂಕೇತ, 24 ಬೈಟ್. ಅಷ್ಟಕ್ಕೆ ಸರಿಯಾಗಿ ಹೊಂದುವ ಪದ ಯಾವುದೆಂದು ಹುಡುಕಿದೆ. ‘ಗ್ರಂಥಾಲಯ’ ಸಿಕ್ಕಿತು.

ನನ್ನ ವರದಿಯ 9.8 ಎಂಬಿ 1024ರ ಲೆಕ್ಕದ್ದು, ಜಾಲತಾಣದ 10 ಎಂಬಿ ಸಾವಿರದ್ದು. ಮಿತಿ ಮೀರಿದ್ದು ಸುಮಾರು 2,76,000 ಬೈಟ್, ಅಂದರೆ 11,500 ಗ್ರಂಥಾಲಯ. ಕೊನೆಗೆ ಅನುಬಂಧದಲ್ಲಿದ್ದ ಹಸ್ತಪ್ರತಿಯೊಂದರ ಚಿತ್ರವನ್ನು ಸಣ್ಣದು ಮಾಡಿ ಕಳಿಸಿದೆ. ಅಕ್ಷರಗಳು ಸ್ವಲ್ಪ ಮಸುಕಾಗಿವೆ, ಓದಬಹುದು.