ಮೂರನೆಯ ಕೋನ: ಬರಗೂರು ಸೀಮೆಯ ಬೆಟ್ಟಗಳು ಮತ್ತು ತ್ರಿಕೋನ ಮೋಜಣಿ

ತ್ರಿಭುಜದ ಎರಡು ಕೋನಗಳು ತಿಳಿದಿದ್ದರೆ, ಅವುಗಳ ಮೊತ್ತವನ್ನು 180 ಡಿಗ್ರಿಗಳಿಂದ ಕಳೆದು ಮೂರನೆಯದನ್ನು ಪಡೆಯಬಹುದೆಂಬುದು ಶಾಲೆಯ ಪಾಠ. ನಮ್ಮ ನಾಡಿನ ನೆಲದ ಲೆಕ್ಕಕ್ಕೆ ಈ ಪಾಠ ತಡವಾಗಿ ಬಂದಿತು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಸಮ, ದ್ವಿಸಮ, ವಿಷಮ ತ್ರಿಭುಜಗಳನ್ನು ವಿವೇಚಿಸುವನಾದರೂ ಅಲ್ಲಿ ಅರಸುವುದು ಭುಜ, ಲಂಬ, ಕ್ಷೇತ್ರಫಲಗಳನ್ನೇ ಹೊರತು ಕೋನವನ್ನಲ್ಲ. ಇದನ್ನು ಕೊರತೆಯೆಂದು ಎಣಿಸುವುದು ಸರಿಯಲ್ಲ. ಹೊಲವನ್ನಳೆಯುವವನಿಗೆ ಹಗ್ಗವೂ ಕೋಲೂ ಸಾಕು. ಕೋನದ ಅಗತ್ಯವಿದ್ದ ಖಗೋಳಗಣಿತದಲ್ಲಿ ಜ್ಯಾ ಆಗಲೇ ಬಳಕೆಯಲ್ಲಿತ್ತು.

ನಡೆದು ಅಳೆಯಲಾಗದ ದೂರಗಳನ್ನು ತಿಳಿಯಬೇಕಾದಾಗ ಕೋನವು ನೆಲಕ್ಕಿಳಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಕೆಲಸವನ್ನು ಹೊಸದಾಗಿ ಆರಂಭಿಸಿ ತ್ರಿಭುಜಗಳ ಸಾಲನ್ನು ಪಶ್ಚಿಮಕ್ಕೆ ತಂದನು. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ರೇಖೆಯನ್ನು ಸರಪಳಿಯಿಂದ ಅಳೆದಾಗ, ಕೋನಗಳಿಂದ ಗಣಿಸಿದ ಉದ್ದಕ್ಕೂ ಅದಕ್ಕೂ ಇದ್ದ ಅಂತರ ನಾಲ್ಕು ಇಂಚಿಗಿಂತ ಕಡಿಮೆ. ಅಲ್ಲಿಂದ ಉತ್ತರಕ್ಕೆ ಹೊರಟ ಸಾಲಿಗೆ ಬರಗೂರು, ಶಿರಾ, ಮಧುಗಿರಿ, ಪಾವಗಡಗಳ ಸೀಮೆ ಹೇಳಿ ಮಾಡಿಸಿದಂತಿತ್ತು: ಬಯಲು, ನಡುನಡುವೆ ದೂರದಿಂದ ಕಾಣುವ ಬಂಡೆಗುಡ್ಡಗಳು. ಲ್ಯಾಂಬ್ಟನ್ನನ ವರದಿಗಳ ‘ಪೌಘರ್’ ನಮ್ಮ ಪಾವಗಡವೇ.

ಇಲ್ಲಿ ಗಮನಿಸಬೇಕಾದುದು ಮೂರನೆಯ ಕೋನದ ಸ್ಥಾನ. ಎರಡು ಕೋನಗಳು 62 ಮತ್ತು 71 ಡಿಗ್ರಿಯಾದರೆ ಹಲಗೆಯ ಮೇಲೆ ಮೂರನೆಯದು 47. ಬೆಟ್ಟಗಳ ನಡುವಣ ತ್ರಿಭುಜವಾದರೋ ಉಬ್ಬಿದ ಭೂಮಿಯ ಮೇಲಿನದು; ಅದರ ಕೋನಗಳ ಮೊತ್ತ 180ನ್ನು ಮೀರುತ್ತದೆ. ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಷ್ಟು ಈ ಹೆಚ್ಚಳ. ಮೇಲಿನ ತ್ರಿಭುಜ 985 ಚದರ ಕಿಲೋಮೀಟರ್ ಆವರಿಸಿದ್ದರೆ ಮೂರನೆಯ ಕೋನ 47 ಡಿಗ್ರಿ 5 ಸೆಕೆಂಡು. ಆದುದರಿಂದ ಕಳೆದು ಪಡೆಯಬಹುದಾದ ಕೋನವನ್ನೂ, ಸಾಧ್ಯವಿದ್ದೆಡೆಯಲ್ಲೆಲ್ಲ, ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಬೆಟ್ಟಕ್ಕೇರಿಸಿ ಅಳೆಯಬೇಕಾಗಿತ್ತು. ಮೂರೂ ಕೋನಗಳನ್ನು ಕೂಡಿ, ಭೂಮಿಯ ಉಬ್ಬಿನ ಪಾಲನ್ನು ತೆಗೆದ ಮೇಲೆ ಉಳಿಯುವ ವ್ಯತ್ಯಾಸವೇ ವೀಕ್ಷಣೆಯ ದೋಷ. ಅಜ್ಞಾತವನ್ನು ಕಂಡುಹಿಡಿಯುವ ಸೂತ್ರ ಇಲ್ಲಿ ಜ್ಞಾತವನ್ನು ಪರೀಕ್ಷಿಸುವ ಸೂತ್ರವಾಯಿತು.

ಪಾವಗಡದಲ್ಲಿ ಅಳೆದುದು ನೆಲದ ಕೋನಗಳನ್ನಷ್ಟೇ ಅಲ್ಲ. ನಕ್ಷತ್ರಗಳು ನೆತ್ತಿಯಿಂದ ಎಷ್ಟು ಓರೆಯಾಗಿವೆಯೆಂದು ನೋಡಿ ಅಕ್ಷಾಂಶವನ್ನೂ ನಿರ್ಧರಿಸಲಾಯಿತು. ಬೆಂಗಳೂರಿನ ದೊಡ್ಡಗುಂಟಕ್ಕೂ ಪಾವಗಡಕ್ಕೂ ಅಕ್ಷಾಂಶದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಅಂತರ. ಆಕಾಶ ಕೊಟ್ಟ ಈ ಕೋನವನ್ನು ತ್ರಿಭುಜಗಳು ಕೊಟ್ಟ ದೂರದೊಡನೆ ಇಟ್ಟು, ಈ ಭಾಗದಲ್ಲಿ ಒಂದು ಡಿಗ್ರಿಯ ಉದ್ದವೆಷ್ಟೆಂದು ಲೆಕ್ಕ ಹಾಕಿದರು.