ಭಾರ, ನೆನಪು, ಅಣು: ‘ಪೆಸಿಫಿಕ್ ರಿಮ್’ ಚಿತ್ರದ ಮೌಲ್ಯಮಾಪನ

ದೈತ್ಯ ಯಂತ್ರಗಳ ಸಿನಿಮಾಗಳನ್ನು ವಿಮರ್ಶಕರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸುತ್ತಾರೆ: ಗ್ರಾಫಿಕ್ಸ್ ಚೆನ್ನಾಗಿದೆ, ಕಥೆ ತೆಳು. ಮೆಕ್ಸಿಕೊ ಮೂಲದ ಗಿಯೆರ್ಮೊ ದೆಲ್ ತೊರೊ ನಿರ್ದೇಶಿಸಿದ ‘ಪೆಸಿಫಿಕ್ ರಿಮ್’ (2013) ಚಿತ್ರಕ್ಕೆ ಸಿಕ್ಕ ತೀರ್ಪೂ ಬಹುಮಟ್ಟಿಗೆ ಇದೇ. ಆದರೆ ಈ ಚಿತ್ರದ ವಿಚಾರ ಇರುವುದೇ ಅದರ ದೃಶ್ಯಗಳಲ್ಲಿ, ಭಾರವನ್ನು ಅದು ಕಣ್ಣಿಗೆ ಕಾಣಿಸುವ ಬಗೆಯಲ್ಲಿ. ಅದರ ನಿಜವಾದ ಕೊರತೆಯನ್ನೂ ಅಲ್ಲಿಯೇ ಹುಡುಕಬೇಕು.

ಕಥೆ ಸರಳ. ಪೆಸಿಫಿಕ್ ಸಾಗರದ ತಳದ ಬಿರುಕಿನಿಂದ ‘ಕೈಜು’ ಎಂಬ ದೈತ್ಯ ಪ್ರಾಣಿಗಳು ಒಂದರ ಹಿಂದೆ ಒಂದು ಮೇಲೆದ್ದು ಕರಾವಳಿಯ ನಗರಗಳನ್ನು ನೆಲಸಮ ಮಾಡುತ್ತವೆ. ಅವನ್ನು ಎದುರಿಸಲು ರಾಷ್ಟ್ರಗಳು ಸೇರಿ ‘ಯೇಗರ್’ ಎಂಬ ಯಂತ್ರಗಳನ್ನು ಕಟ್ಟುತ್ತವೆ. ಯೇಗರ್‌ನ ಹೊರೆ ಒಂದೇ ಮಿದುಳಿಗೆ ತಾಳಲಾಗದ್ದು. ಆದ್ದರಿಂದ ಇಬ್ಬರು ಚಾಲಕರು ತಮ್ಮ ನೆನಪುಗಳನ್ನು ಪರಸ್ಪರ ಬೆಸೆದುಕೊಂಡು ಅದನ್ನು ನಡೆಸಬೇಕು.

ಮೊದಲು ಭಾರದ ಪ್ರಶ್ನೆ. ದೇಹವೊಂದು ಹಿಗ್ಗಿದಂತೆ ಅದರ ಬಲ ವರ್ಗದ ಪ್ರಮಾಣದಲ್ಲಿ, ತೂಕ ಘನದ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಗೆಲಿಲಿಯೊ 1638ರಲ್ಲೇ ವಿವರಿಸಿದ್ದ. ಮುಂದೆ ಭಾರತದ ಪ್ರಜೆಯಾಗಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ಪ್ರಬಂಧವೊಂದರಲ್ಲಿ ಇದೇ ತರ್ಕವನ್ನು ಕಥೆಗಳ ದೈತ್ಯರಿಗೆ ಅನ್ವಯಿಸಿ, ಅಂಥವರು ಒಂದು ಹೆಜ್ಜೆ ಇಡುವಷ್ಟರಲ್ಲಿ ತೊಡೆಯ ಮೂಳೆ ಮುರಿದುಕೊಳ್ಳುತ್ತಾರೆ ಎಂದು ತೋರಿಸಿದರು. ಚಿತ್ರದ ಪ್ರಧಾನ ಯಂತ್ರ ‘ಜಿಪ್ಸಿ ಡೇಂಜರ್’ನ ಎತ್ತರ ಸುಮಾರು 79 ಮೀಟರ್, ತೂಕ 1,980 ಟನ್ ಎಂದು ಚಿತ್ರದ ಪ್ರಚಾರ ಸಾಮಗ್ರಿ ಹೇಳುತ್ತದೆ. 70 ಕಿಲೋ ತೂಗುವ ಸಾಧಾರಣ ಎತ್ತರದ ಮನುಷ್ಯನನ್ನು ಅಷ್ಟೆತ್ತರಕ್ಕೆ, ಅಂದರೆ 45 ಪಟ್ಟು ಹಿಗ್ಗಿಸಿದರೆ ತೂಕ 6,000 ಟನ್ ದಾಟುತ್ತದೆ. ಮನುಷ್ಯನ ಮೈಕಟ್ಟನ್ನೇ ಅಳತೆಯಾಗಿ ಹಿಡಿದರೆ ಈ ಯಂತ್ರದ ಸಾಂದ್ರತೆ ನೀರಿನ ಮೂರನೇ ಒಂದು ಭಾಗದಷ್ಟೇ ಆಯಿತು. ಅದು ಸಮುದ್ರದ ತಳದಲ್ಲಿ ನಡೆಯುವ ಮಾತಿರಲಿ, ಮುಳುಗುವುದೇ ಇಲ್ಲ.

ಅಂಕಿಗಳು ಹೀಗೆ ಸುಳ್ಳಾದರೂ ಚಲನೆ ಸುಳ್ಳಲ್ಲ. 45 ಪಟ್ಟು ದೊಡ್ಡದಾದ ದೇಹ ಗುರುತ್ವಕ್ಕೆ ಒಳಪಟ್ಟು ಚಲಿಸಿದರೆ ಕಾಲ ಸುಮಾರು ಆರೂಮುಕ್ಕಾಲು ಪಟ್ಟು ಹಿಗ್ಗುತ್ತದೆ. ನಾವು ಅರ್ಧ ಸೆಕೆಂಡಿನಲ್ಲಿ ಬೀಸುವ ಕೈಗೆ ಆ ದೇಹದಲ್ಲಿ ಮೂರು ಸೆಕೆಂಡಿಗೂ ಹೆಚ್ಚು ಬೇಕು. ದೆಲ್ ತೊರೊ ಮತ್ತು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಕಲಾವಿದರು ಈ ನಿಧಾನವನ್ನು ಗೌರವಿಸಿದ್ದಾರೆ. ಮುಷ್ಟಿ ಹಿಂದಕ್ಕೆ ಸರಿಯುತ್ತದೆ, ತಡೆಯುತ್ತದೆ, ಆಮೇಲೆ ಬೀಳುತ್ತದೆ. ಭುಜದಿಂದ ಸುರಿಯುವ ನೀರು ಕೆಳಗೆ ತಲುಪಲು ಹೊತ್ತು ಹಿಡಿಯುತ್ತದೆ. ಹಾಂಗ್‌ಕಾಂಗ್ ಕಾಳಗದಲ್ಲಿ ಜಿಪ್ಸಿಯ ಮುಷ್ಟಿ ಗುರಿ ತಪ್ಪಿ ಕಚೇರಿ ಕಟ್ಟಡವೊಂದರ ಗೋಡೆ ಸೀಳಿಕೊಂಡು ಒಳನುಗ್ಗಿ, ಮೇಜಿನ ಮೇಲೆ ತೂಗುಬಿಟ್ಟ ಲೋಹದ ಗುಂಡುಗಳ ಆಟಿಕೆಗೆ ಮೆಲ್ಲನೆ ತಾಗಿ ನಿಲ್ಲುತ್ತದೆ. ಗುಂಡುಗಳು ಟಿಕ್ ಟಿಕ್ ಎನ್ನತೊಡಗುತ್ತವೆ. ದೈತ್ಯ ಗಾತ್ರವನ್ನು ಅಳೆಯಲು ಪಕ್ಕದಲ್ಲೊಂದು ಪುಟ್ಟ ವಸ್ತು ಬೇಕೆಂಬ ಅರಿವು ಈ ಪ್ರಭೇದದಲ್ಲಿ ಅಪರೂಪ. ಮೈಕೆಲ್ ಬೇ ಅವರ ‘ಟ್ರಾನ್ಸ್‌ಫಾರ್ಮರ್ಸ್’ (2007) ಚಿತ್ರದ ಕಾಳಗಗಳಲ್ಲಿ ಯಾವ ಲೋಹ ಯಾರದ್ದೆಂದು ಗುರುತಿಸುವುದೇ ಕಷ್ಟ.

ಈ ಭಾರವನ್ನು ಹೊರುವವರು ಯಾರು ಎಂಬ ಪ್ರಶ್ನೆಯೇ ಚಿತ್ರದ ಹೃದಯ. ಯಂತ್ರದೊಳಗೆ ಕುಳಿತು ಚಾಲಕ ಅದನ್ನು ನಡೆಸುವ ಕಲ್ಪನೆ ಗೋ ನಗಾಯಿ ಅವರ ‘ಮಾಝಿಂಗರ್ ಝೆಡ್’ನಿಂದ (1972) ಜಪಾನಿನಲ್ಲಿ ಬೇರೂರಿತು, ಹಿದೆಆಕಿ ಅನ್ನೊ ಅವರ ‘ಇವ್ಯಾಂಜೆಲಿಯನ್’ (1995) ಚಾಲಕನ ಮಾನಸಿಕ ಗಾಯವನ್ನೇ ಯಂತ್ರದ ಚಾಲಕಶಕ್ತಿಯಾಗಿಸಿತು. ‘ಪೆಸಿಫಿಕ್ ರಿಮ್’ ಅದಕ್ಕೆ ಇನ್ನೊಬ್ಬ ಮನುಷ್ಯನನ್ನು ಸೇರಿಸುತ್ತದೆ. ರಿಂಕೊ ಕಿಕುಚಿ ಅಭಿನಯಿಸಿದ ಹೊಸ ಚಾಲಕಿ ಮಾಕೊ ಮೋರಿ ನೆನಪು ಬೆಸೆಯುವ ಮೊದಲ ಪರೀಕ್ಷೆಯಲ್ಲೇ ತನ್ನ ಬಾಲ್ಯದ ನೆನಪಿನೊಳಗೆ ಸಿಕ್ಕಿಕೊಳ್ಳುತ್ತಾಳೆ. ಬೂದಿ ಉದುರುವ ಟೋಕಿಯೊ ಬೀದಿ, ನೀಲಿ ಕೋಟಿನ ಹುಡುಗಿ, ಕೈಯಲ್ಲಿ ಕಳಚಿದ ಒಂದು ಕೆಂಪು ಶೂ. ಅಷ್ಟು ಹೊತ್ತು ಯಂತ್ರದ ಎತ್ತರದಲ್ಲಿದ್ದ ನೋಟ ಇಲ್ಲಿ ಮಗುವಿನ ಎತ್ತರಕ್ಕೆ ಇಳಿಯುತ್ತದೆ. ಬಾಲನಟಿ ಮಾನಾ ಆಶಿದಾ ಅಳುವ ರೀತಿಯಲ್ಲಿ ನಟನೆಯ ಸುಳಿವೇ ಇಲ್ಲ. ಇಡೀ ಚಿತ್ರದಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ದೃಶ್ಯ ನನಗೆ ಕಾಣುವುದಿಲ್ಲ. ಹೊರಗೆ, ಆ ಭಯಕ್ಕೆ ಪ್ರತಿಕ್ರಿಯೆಯಾಗಿ, ಯಂತ್ರದ ಫಿರಂಗಿ ತನ್ನ ಜನರತ್ತಲೇ ಗುರಿಯಿಡುತ್ತದೆ. ತೀರದ ನೋವಿನ ಕೈಗೆ ಆಯುಧ ಸಿಕ್ಕರೆ ಆಗುವುದೇನು ಎಂಬುದನ್ನು ಒಂದು ಮಾತೂ ಆಡದೆ ತೋರಿಸಿದ ಘಟ್ಟವಿದು.

ಇಷ್ಟು ಬಲ್ಲ ಚಿತ್ರ ಕೊನೆಯಲ್ಲಿ ಎಡವುತ್ತದೆ. ರಷ್ಯಾ, ಚೀನಾದ ಚಾಲಕರು ಪರಿಚಯವಾಗುವ ಮೊದಲೇ ಸಾಯುತ್ತಾರೆ. ಅಂತಿಮ ಗಳಿಗೆಯಲ್ಲಿ ಮಾಕೊಳನ್ನು ಮೇಲಕ್ಕೆ ಕಳಿಸಿ ಅವಳ ಜೊತೆಗಾರನಾದ ಅಮೆರಿಕದ ನಾಯಕ ಒಬ್ಬನೇ ಕೆಲಸ ಮುಗಿಸುತ್ತಾನೆ. ಇವು ಸಣ್ಣ ದೋಷಗಳಲ್ಲ, ಆದರೂ ಇವಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ.

ಚಿತ್ರವನ್ನು ದೈತ್ಯಪ್ರಾಣಿ ಚಿತ್ರಗಳ ಗುರುಗಳಾದ ರೇ ಹ್ಯಾರಿಹೌಸನ್ ಮತ್ತು ಇಶಿರೊ ಹೊಂಡಾ ಅವರ ನೆನಪಿಗೆ ಅರ್ಪಿಸಲಾಗಿದೆ. ಹೊಂಡಾ ಯುದ್ಧ ಮುಗಿಸಿ ಊರಿಗೆ ಮರಳುವಾಗ ಹಿರೋಷಿಮಾವನ್ನು ಹಾದು ಬಂದವರು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಸುರಿಯಿತು. ಅದೇ ನವೆಂಬರಿನಲ್ಲಿ ಹೊಂಡಾ ಅವರ ‘ಗೊಜಿರಾ’ (ಗಾಡ್ಜಿಲ್ಲಾ) ತೆರೆಕಂಡಿತು. ಅದರಲ್ಲಿ ವಿಜ್ಞಾನಿ ಸೆರಿಝಾವಾ ತನ್ನ ಭೀಕರ ಶೋಧವನ್ನು ದೈತ್ಯಪ್ರಾಣಿಯ ಮೇಲೆ ಒಮ್ಮೆ ಬಳಸಲು ಒಪ್ಪಿ, ಅದು ಮತ್ತೆ ಯಾರ ಕೈಗೂ ಸಿಗಬಾರದೆಂದು ತಾನೂ ಅದರೊಂದಿಗೆ ಸಾಯುತ್ತಾನೆ. ‘ಪೆಸಿಫಿಕ್ ರಿಮ್’ನಲ್ಲಿ ಅದೇ ಸಾಗರದ ತಳದಲ್ಲಿ ಅಣುಬಾಂಬ್ ಸಿಡಿಯುತ್ತದೆ, ಬಳಿಕ ಜಿಪ್ಸಿಯ ಅಣುಸ್ಥಾವರ ಬಿರುಕಿನಾಚೆ ಸ್ಫೋಟಿಸಿ ಜಗತ್ತು ಉಳಿಯುತ್ತದೆ. ಯಾರೂ ಅಳುಕುವುದಿಲ್ಲ. ವಿಕಿರಣದ ಅರಿವು ಚಿತ್ರಕ್ಕೆ ಇಲ್ಲವೆನ್ನಲಾಗದು: ಇದ್ರಿಸ್ ಎಲ್ಬಾ ನಟಿಸಿದ ದಂಡನಾಯಕ ಪೆಂಟಕಾಸ್ಟ್ ಹಳೆಯ ಯಂತ್ರದ ವಿಕಿರಣದಿಂದಲೇ ಸಾಯುತ್ತಿದ್ದಾನೆ, ಅವನ ಮೂಗಿನಿಂದ ರಕ್ತ ಸುರಿಯುತ್ತದೆ. ಬಾಂಬನ್ನು ಸಿಡಿಸುವ ಇಬ್ಬರಲ್ಲಿ ಅವನೂ ಒಬ್ಬ. ನಮ್ಮ ಮಾಲಿನ್ಯವೇ ಭೂಮಿಯನ್ನು ಈ ಪ್ರಾಣಿಗಳಿಗೆ ಹದಗೊಳಿಸಿತು ಎಂಬ ಮಹತ್ವದ ಮಾತೂ ಒಂದು ಸಂಭಾಷಣೆಯಲ್ಲಿ ಬಂದು ಮರೆಯಾಗುತ್ತದೆ. ಒಬ್ಬ ಹುಡುಗಿಯ ನೆನಪಿಗೆ ಅಷ್ಟು ಮರ್ಯಾದೆ ಕೊಟ್ಟ ಚಿತ್ರ, ತಾನು ಹೆಸರು ಪಡೆದ ಸಾಗರದ ನೆನಪನ್ನು ಕೈಬಿಟ್ಟಿದೆ.

ಮಾರುಕಟ್ಟೆ ಈ ಚಿತ್ರವನ್ನು ಅಳೆದದ್ದು ಬೇರೆ ತಕ್ಕಡಿಯಲ್ಲಿ. ಸುಮಾರು 41 ಕೋಟಿ ಡಾಲರ್ ಗಳಿಕೆಯಲ್ಲಿ ಅಮೆರಿಕದ ಪಾಲು 10 ಕೋಟಿ ಚಿಲ್ಲರೆ, ಚೀನಾದ್ದು 11 ಕೋಟಿ. ಹಾಗಾಗಿಯೇ ಸ್ಟೀವನ್ ಡಿನೈಟ್ ನಿರ್ದೇಶನದಲ್ಲಿ 2018ರ ಮುಂದುವರಿಕೆ ಸಾಧ್ಯವಾಯಿತು. ಅದರಲ್ಲಿ ಯಂತ್ರಗಳು ಹಗಲು ಬೆಳಕಿನಲ್ಲಿ ಹಗುರಾಗಿ ನೆಗೆಯುತ್ತವೆ, ಮಾಕೊ ನಡುವೆಯೇ ಸಾಯುತ್ತಾಳೆ. ಗಾತ್ರಕ್ಕೆ ಭಾರವನ್ನೂ ಭಾರಕ್ಕೆ ಮನುಷ್ಯರನ್ನೂ ಕೊಟ್ಟ ಕಾರಣಕ್ಕೆ 2013ರ ಚಿತ್ರ ತನ್ನ ಕಾಲದ ಯಂತ್ರ ಚಿತ್ರಗಳಲ್ಲಿ ಅತ್ಯುತ್ತಮವಾದದ್ದು. ಆದರೆ ತಾನು ಅರ್ಪಣೆಗೊಂಡ ಹೊಂಡಾ ಅವರ 1954ರ ಕೃತಿಗಿಂತ ನೈತಿಕ ಎಚ್ಚರದಲ್ಲಿ ಬಹಳ ಕೆಳಗಿದೆ.